ವಸಿಲಾದ ಕೆರೆ ದಂಡೆಯಲ್ಲಿ ಹತ್ತಿಕೊಂಡ ವಾದ

ಅಲಾಸ್ಕದ ಆಂಕರೇಜ್‌ನಿಂದ ಡೆನಾಲಿ ಬೆಟ್ಟದ ಕಡೆ ಹೊರಟವರು ವಸಿಲಾದಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹಾಗೇ ಮುಂದೆ ಹೋಗುತ್ತಾರೆ. ಸುಮಾರು 70 ಕಿ.ಮೀ. ದಾರಿ. ನಿಕ್ ನದಿ ದಾಟಿ ಪಾರ್ಕ್ಸ್ ಹೆದ್ದಾರಿ ಹಿಡಿದರೆ ಊರು ಬಂದೇ ಬಿಡುತ್ತದೆ. ರಸ್ತೆಯ ಎರಡೂ ಕಡೆ ದೊಡ್ಡ ಅಂಗಡಿಗಳು, ಅದಕ್ಕಿಂತ ದೊಡ್ಡ ಪಾರ್ಕಿಂಗ್ ಜಾಗ, ಹಿಂದೆ ಬೆಟ್ಟಸಾಲು. ಆದರೆ ನನಗೆ ಈ ಊರು ನೋಡಲೇಬೇಕಿತ್ತು. 2008ರ ಆಗಸ್ಟ್ 29ರಂದು ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಮೆಕೇನ್ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡ ಸಾರಾ ಪೇಲಿನ್ ಇದೇ ಊರಿನವರು. 1996ರಿಂದ 2002ರವರೆಗೆ ಇಲ್ಲಿನ ಮೇಯರ್, ಆಮೇಲೆ ಅಲಾಸ್ಕದ ಗವರ್ನರ್.

ಲೂಸಿಲ್ ಕೆರೆ ದಂಡೆಯ ಪಾರ್ಕಿನಲ್ಲಿ ಬುತ್ತಿ ಬಿಚ್ಚಿದೆವು. ಚಪಾತಿ, ಶೇಂಗಾ ಚಟ್ನಿ. ಆಗ ಪೇಲಿನ್ ಮನೆ ಇದ್ದದ್ದೂ ಇದೇ ಕೆರೆಯ ದಂಡೆಯಲ್ಲಿ. ಹುಡುಕಿಕೊಂಡು ಹೋಗುವುದು ಬೇಡ ಅಂದೆ. ಅಲ್ಲೇ ವಾದ ಹತ್ತಿಕೊಂಡಿತು.

"ಪೇಲಿನ್‌ಗೆ ಐದು ಮಕ್ಕಳು. ಕೊನೆಯದಕ್ಕೆ ಐದು ತಿಂಗಳೂ ತುಂಬಿರಲಿಲ್ಲ, ಡೌನ್ ಸಿಂಡ್ರೋಮ್ ಬೇರೆ. ಅಂಥ ಹೊತ್ತಲ್ಲಿ ಪ್ರಚಾರ ಅಂತ ದೇಶ ಸುತ್ತೋಕೆ ಹೊರಟರೆ ನೋಡ್ಕೊಳ್ಳೋರು ಯಾರು?" ಎಂದಳು ಗೆಳತಿ.

ನನಗೆ ಸಿಟ್ಟೇ ಬಂತು. ಈ ಪ್ರಶ್ನೆಯನ್ನು ಗಂಡಸರಿಗೆ ಯಾರು ಕೇಳುತ್ತಾರೆ? ಎದುರು ಪಕ್ಷದಿಂದ ಅದೇ ಹುದ್ದೆಗೆ ನಿಂತಿದ್ದ ಜೋ ಬೈಡನ್ ಅವರನ್ನೇ ನೋಡಿ. 1972ರಲ್ಲಿ ಸೆನೆಟ್‌ಗೆ ಗೆದ್ದ ಕೆಲವೇ ವಾರಗಳಲ್ಲಿ ಅವರ ಹೆಂಡತಿ, ಪುಟ್ಟ ಮಗಳು ಅಪಘಾತದಲ್ಲಿ ತೀರಿಕೊಂಡರು. ಬೈಡನ್ ಪ್ರಮಾಣವಚನ ತೆಗೆದುಕೊಂಡಿದ್ದು ಅದೇ ಅಪಘಾತದಲ್ಲಿ ಗಾಯಗೊಂಡ ಗಂಡುಮಕ್ಕಳಿದ್ದ ಆಸ್ಪತ್ರೆಯಲ್ಲಿ. ಮನೆಯಿದ್ದ ವಿಲ್ಮಿಂಗ್ಟನ್‌ನಿಂದ ವಾಷಿಂಗ್ಟನ್‌ಗೆ ರೈಲಿನಲ್ಲಿ ಹೋಗಿ, ರಾತ್ರಿ ಮಕ್ಕಳ ಹತ್ತಿರ ವಾಪಸ್ ಬರುತ್ತಿದ್ದರು. ಜನ ಅದನ್ನು ಮೆಚ್ಚಿ ಹೇಳುತ್ತಾರೆ, ಹೇಳಬೇಕಾದದ್ದೇ. ಪೇಲಿನ್ ಹೆತ್ತ ಮೂರೇ ದಿನಕ್ಕೆ ಕಚೇರಿಗೆ ಹೋಗಿದ್ದು ಮಾತ್ರ ತಪ್ಪಾಯಿತು.

ಗೆಳತಿ ಬಿಡಲಿಲ್ಲ. ಮನೆಮಂದಿಯನ್ನು ವೇದಿಕೆಗೆ ಕರೆತಂದವರು ಅವರೇ ಅಲ್ವಾ? ಅದು ನಿಜ. ಸೇಂಟ್ ಪಾಲ್ ನಗರದಲ್ಲಿ ನಡೆದ ಪಕ್ಷದ ಸಮಾವೇಶದಲ್ಲಿ ಇಡೀ ಕುಟುಂಬ ಕ್ಯಾಮೆರಾ ಮುಂದಿತ್ತು. ಹಾಗಂತ 17ರ ಮಗಳ ಬಸಿರು ಊರೆಲ್ಲ ಆಡಿಕೊಳ್ಳುವ ವಿಷಯ ಆಗಬೇಕಾ? ಸೆಪ್ಟೆಂಬರ್ 1ರಂದು ಆ ಸುದ್ದಿ ಹೊರಬಿದ್ದಾಗ, ಮಕ್ಕಳ ತಂಟೆಗೆ ಹೋಗಬೇಡಿ ಎಂದು ಮೆಕೇನ್ ಎದುರಾಳಿ ಒಬಾಮಾ ನೇರವಾಗಿ ಹೇಳಿದರು. ತನ್ನನ್ನು ಹೆತ್ತಾಗ ತಾಯಿಗೂ 18 ವರ್ಷ ಎಂದೂ ನೆನಪಿಸಿದರು. ಆ ಚುನಾವಣೆಯಲ್ಲಿ ನನಗೆ ತುಂಬಾ ಹಿಡಿಸಿದ ಮಾತು ಅದು.

ಕೇಳುವುದಾದರೆ ಕೇಳಲು ಬೇರೆ ಎಷ್ಟೋ ಇತ್ತು. ಊರಲ್ಲಿ ದೊಡ್ಡದೊಂದು ಒಳಾಂಗಣ ಕ್ರೀಡಾ ಕೇಂದ್ರ ಇದೆ. ಪೇಲಿನ್ ಮೇಯರ್ ಆಗಿದ್ದಾಗ, ಮಾರಾಟ ತೆರಿಗೆಯನ್ನು ಶೇಕಡಾ 0.5ರಷ್ಟು ಏರಿಸಿ, 1.47 ಕೋಟಿ ಡಾಲರ್ ಸಾಲ ಎತ್ತಿ ಅದನ್ನು ಕಟ್ಟಲು ಜನ ಮತ ಹಾಕಿದರು. ಜಾಗದ ವ್ಯಾಜ್ಯದಿಂದ ಖರ್ಚು ಇನ್ನೂ ಬೆಳೆಯಿತು. ಒಳಗೆ ಹೋದೆವು. ಚಳಿ, ಒದ್ದೆ ಗ್ಲೌಸಿನ ವಾಸನೆ. ಪುಟ್ಟ ಹುಡುಗಿಯೊಬ್ಬಳು ಹಲ್ಲು ಕಚ್ಚಿಕೊಂಡು ಸ್ಕೇಟ್‌ನ ಲೇಸ್ ಬಿಗಿಯುತ್ತಿದ್ದಳು. ಊರು ಇದನ್ನು ಚೆನ್ನಾಗಿಯೇ ಬಳಸುತ್ತಿದೆ. ಇದನ್ನು ನೋಡಿ ಮೇಯರ್ ಆಗಿದ್ದವರನ್ನು ಹೊಗಳಬಹುದು, ಲೆಕ್ಕವನ್ನೂ ಕೇಳಬಹುದು.

ಕಾರು ಹೊರಟ ಮೇಲೆ ಗೆಳತಿ ಮತ್ತೆ ಶುರು ಮಾಡಿದಳು. "ಸರಿ, ಮಕ್ಕಳ ವಿಷಯ ಬಿಡು. ಹೆಸರು ಘೋಷಿಸಿದ ದಿನವೇ ಮೆಕೇನ್‌ಗೆ 72 ತುಂಬಿತ್ತು. ಚರ್ಮದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದವರು. ಹೆಚ್ಚುಕಮ್ಮಿ ಆಗಿದ್ದರೆ, ಗವರ್ನರ್ ಆಗಿ ಎರಡು ವರ್ಷವೂ ತುಂಬದವರ ಕೈಗೆ ದೇಶ ಹೋಗುತ್ತಿತ್ತು. ಅದನ್ನಾದರೂ ಕೇಳಬಹುದಲ್ಲ?"

ಕೇಳಲೇಬೇಕು ಅಂದೆ. ಟಾಕೀಟ್ನಾ ತಲುಪುವವರೆಗೂ ಅದನ್ನೇ ಮಾತಾಡಿದೆವು.