ಬ್ಯಾಂಡಿಂಗ್ ಆದ ಎರಡನೇ ವಾರ

ಹಾಸನದ ಒಂದು ಆಸ್ಪತ್ರೆಯ ಎಂಡೋಸ್ಕೋಪಿ ರೂಮಿನಲ್ಲಿ ನಾನು ನರ್ಸ್. ರಕ್ತ ವಾಂತಿ ಮಾಡಿಕೊಂಡು ಬರುವ ಸಿರೋಸಿಸ್ (ಯಕೃತ್ತು ಗಟ್ಟಿಯಾಗುವ ಕಾಯಿಲೆ) ರೋಗಿಗಳ ಮನೆಯವರು ಬಾಗಿಲಲ್ಲೇ ಕೇಳುತ್ತಾರೆ, "ರಕ್ತ ನಿಲ್ತಾ ಸಿಸ್ಟರ್?" ನಿಂತಿದೆ ಅಂದರೆ ಕಾಯಿಲೆಯೇ ವಾಸಿಯಾದಷ್ಟು ಸಮಾಧಾನ. ನನಗೆ ಮಾತ್ರ ಮುಂದಿನ ಎರಡು ವಾರದ್ದೇ ಯೋಚನೆ.

ಯಕೃತ್ತು ಗಟ್ಟಿಯಾದಾಗ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಸಾಲದೆ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ, ಒಡೆದರೆ ರಕ್ತ ವಾಂತಿ. ಬಾಯಿಂದ ಇಳಿಸುವ ಕ್ಯಾಮೆರಾ ಕೊಳವೆ, ಅಂದರೆ ಸ್ಕೋಪಿನ ತುದಿಯ ಟೋಪಿಯೊಳಕ್ಕೆ ಆ ಉಬ್ಬನ್ನು ಎಳೆದುಕೊಂಡು ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಡುತ್ತಾರೆ. ಇದೇ ಬ್ಯಾಂಡಿಂಗ್. ಸ್ಕ್ರೀನಿನಲ್ಲಿ ಅದು ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುವುದು ಕಾಣುತ್ತೆ. ಕೆಲವು ದಿನದಲ್ಲಿ ಅಷ್ಟು ಭಾಗ ಸತ್ತು ಬ್ಯಾಂಡ್ ಸಮೇತ ಉದುರುತ್ತೆ, ಆ ಜಾಗದಲ್ಲಿ ಹುಣ್ಣು ಉಳಿಯುತ್ತೆ. ಆ ಹುಣ್ಣಿನಿಂದಲೇ ಮತ್ತೆ ರಕ್ತ ಬರಬಹುದು, ಹೆಚ್ಚಾಗಿ 5ರಿಂದ 14ನೇ ದಿನದೊಳಗೆ. ಎಲ್ಲರಿಗೂ ಹಾಗಾಗುವುದಿಲ್ಲ. ಕಾಮಾಲೆ ಏರಿದವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಭಯ ಜಾಸ್ತಿ.

ಎದೆನೋವು, ನುಂಗಲು ಕಷ್ಟ ಒಂದೆರಡು ದಿನ ಇದ್ದೇ ಇರುತ್ತೆ. ಅದಕ್ಕೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಿದರೆ ರಕ್ತಸ್ರಾವದ ಭಯದ ಜೊತೆಗೆ ಕಿಡ್ನಿಗೂ ಪೆಟ್ಟು. ಜ್ವರ, ಕೆಮ್ಮು ಬಂದರೆ ವಾಂತಿ ಶ್ವಾಸಕೋಶಕ್ಕೆ ಇಳಿದಿರಬಹುದು. ಬ್ಯಾಂಡಿನ ಬದಲು ನಾಳಕ್ಕೆ ಔಷಧಿ ಚುಚ್ಚುತ್ತಿದ್ದ ಹಳೇ ಕಾಲದ ಇಂಜೆಕ್ಷನ್ ಚಿಕಿತ್ಸೆಯಲ್ಲಿ ಅನ್ನನಾಳ ಕಿರಿದಾಗುವುದು ಇನ್ನೂ ಹೆಚ್ಚಿತ್ತು. ಜಠರದಲ್ಲಿ ಉಬ್ಬಿದ ನಾಳವನ್ನು ಮುಚ್ಚಲು ಹಾಕುವ ಅಂಟಿನದು ಬೇರೆಯೇ ಅಪಾಯ: ಅಪರೂಪಕ್ಕೆ ಅದರ ತುಣುಕು ರಕ್ತದ ಜೊತೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತೆ.

ನಮ್ಮ ಕಡೆ ದೊಡ್ಡ ತಕರಾರು ಊಟದ್ದು. ಚೀಟಿಯಲ್ಲಿ "ಮೆತ್ತಗಿನ ಆಹಾರ" ಅಂತಷ್ಟೇ ಇರುತ್ತೆ. ಅದನ್ನು ಬರೆದವರು ಮುದ್ದೆ ಉಣ್ಣದವರೇ ಇರಬೇಕು. ಅರಕಲಗೂಡು ಕಡೆಯ ಒಬ್ಬರು ಹೆಂಗಸು, "ಮುದ್ದೆಗಿಂತ ಮೆತ್ತಗಿರೋದು ಏನೈತೆ ಸಿಸ್ಟರ್? ಅಗಿಯಂಗೇ ಇಲ್ಲ, ನುಂಗಿದ್ರಾಯ್ತು" ಅಂದರು. ನ್ಯಾಯವಾದ ಮಾತೇ. ಆದರೆ ಹುಣ್ಣಿರುವ ದಾರಿಯಲ್ಲಿ ತುತ್ತು ಇಡಿಯಾಗಿ ಇಳಿಯುವುದೇ ಬೇಡ. ಅದಕ್ಕೆ ಈಗ ಬಾಯಲ್ಲೇ ಬಿಡಿಸಿ ಹೇಳುತ್ತೇನೆ: ಮೊದಲ ದಿನ ತಣ್ಣನೆಯ ನೀರಾಹಾರ, ಆಮೇಲೆ ಆರಿದ ಗಂಜಿ, ನುಣ್ಣಗೆ ಕಿವುಚಿದ ಮಜ್ಜಿಗೆ ಅನ್ನ, ಉಪ್ಪು ಕಡಿಮೆ. ಮುದ್ದೆ, ರೊಟ್ಟಿ ಡಾಕ್ಟರು ಹೇಳಿದ ಮೇಲೆ.

ಇನ್ನೊಂದು ತಕರಾರು ಪ್ರೊಪ್ರನೊಲಾಲ್ ಮಾತ್ರೆಯದು, ಬಿಪಿಗೂ ಕೊಡುವಂಥದ್ದು. "ನಮ್ಮೆಜಮಾನ್ರಿಗೆ ಬಿಪಿನೇ ಇಲ್ಲ" ಅಂತ ಅರ್ಧಕ್ಕೇ ನಿಲ್ಲಿಸುತ್ತಾರೆ. ಅದು ಉಬ್ಬಿದ ನಾಳದ ಒತ್ತಡಕ್ಕೆ ಕೊಟ್ಟ ಮಾತ್ರೆ ಅಂತ ಯಾರೂ ಹೇಳಿರುವುದಿಲ್ಲ.

ಡಿಸ್ಚಾರ್ಜ್ ಚೀಟಿಯ ಹಿಂದೆ ಎರಡು ತಾರೀಖು ಬರೆದು ಕೊಡುತ್ತೇನೆ, ಇಲ್ಲಿಂದ ಇಲ್ಲಿವರೆಗೆ ತೋಟದ ಕೆಲಸ, ದೂರದ ಊರು ಬೇಡ ಅಂತ. ಮಲ ಟಾರಿನಂತೆ ಕಪ್ಪಾಗಿ ಅಂಟಂಟಾದರೆ, ತಲೆ ಸುತ್ತಿದರೆ, ಮಾತು ತೊದಲಿ ಮಂಕಾದರೆ ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಫೋನ್ ಮಾಡಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತೆ, ನಿಜ. ಅದು ಮಾತ್ರೆಯದೋ ರಕ್ತದ್ದೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವುದು ಬೇಡ, ಬನ್ನಿ, ನಾವು ನೋಡುತ್ತೇವೆ.