ಕುಂದಗೋಳದಿಂದ ಲೈನ್ ಬಜಾರಿನವರೆಗೆ

ಬೆಂಗಳೂರಿನಿಂದ ಊರಿಗೆ ಹೊರಟಾಗ ರೈಲು ಹಾವೇರಿ ದಾಟಿದ ಮೇಲೆ ನನಗೆ ನಿದ್ದೆ ಬರುವುದಿಲ್ಲ. ಹುಬ್ಬಳ್ಳಿಗೆ ಸ್ವಲ್ಪ ಮೊದಲು ಕುಂದಗೋಳ ಬರುತ್ತದೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಇದೇ ಹಳಿಯ ಮೇಲೆ ಓಡಾಡಿ ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡರು. ಮನೆ, ಮಕ್ಕಳು, ಸಂಸಾರ ಎಲ್ಲ ಇಟ್ಟುಕೊಂಡು. ನಾವೋ, ಸಂಗೀತದ ಕ್ಲಾಸು ಎರಡು ಬಡಾವಣೆ ಆಚೆ ಇದ್ದರೆ ದೂರ ಅಂತೇವೆ.

ಈ ಸಲ ಹುಬ್ಬಳ್ಳಿಯಲ್ಲಿ ಇಳಿದು, ಬಸ್ಸು ಹಿಡಿದು ಕುಂದಗೋಳಕ್ಕೇ ವಾಪಸ್ ಹೋದೆ. ನಾಡಿಗೇರ ವಾಡೆ ನೋಡಬೇಕಿತ್ತು. ಕಿರಾನಾ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನರು ಬರುತ್ತಿದ್ದ ಮನೆ ಇದು. ಅವರ ಕೈಕೆಳಗೆ ತಯಾರಾದ ಇದೇ ಊರಿನ ರಾಮಭಾವು ಮುಂದೆ ಸವಾಯಿ ಗಂಧರ್ವ ಆದರು. ಅವರ ಹತ್ತಿರ ಕಲಿಯಲು ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ ಬಂದರು. ಇಷ್ಟೆಲ್ಲ ನಡೆದದ್ದು ಶೇಂಗಾ, ಹತ್ತಿ, ಮೆಣಸಿನಕಾಯಿ ಬೆಳೆಯುವ ಈ ಎರೆಭೂಮಿಯ ನಡುವೆ.

ಇದೇ ಖಾನರು ಎಳೆಯ ಗಂಗೂಬಾಯಿಯ ಕಂಠ ಕೇಳಿ, ಚೆನ್ನಾಗಿ ತಿನ್ನು, ಚೆನ್ನಾಗಿ ಹಾಡು ಅಂದಿದ್ದರಂತೆ. ನಮ್ಮ ಸೀಮೆಗೆ ಇದಕ್ಕಿಂತ ಒಳ್ಳೆಯ ಸಲಹೆ ಯಾರು ಕೊಟ್ಟಾರು? ಎರಡರಲ್ಲಿ ಮೊದಲನೆಯದನ್ನಂತೂ ನಾನು ಚಾಚೂ ತಪ್ಪದೆ ಪಾಲಿಸುತ್ತೇನೆ.

ಧಾರವಾಡ ಮುಟ್ಟಿದಾಗ ಊಟದ ಹೊತ್ತು. ಖಾನಾವಳಿಗೆ ಹೋದೆ. ಬೋರ್ಡು ಮಾಸಿತ್ತು, ಬೆಂಚು ಅಲುಗಾಡುತ್ತಿತ್ತು. ಒಳಗೆ ಪಟಪಟ ರೊಟ್ಟಿ ಬಡಿಯುವ ಸದ್ದು. ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ. ಹಿಂಡಿಯ ಮೇಲೆ ಮೊಸರು ಹಾಕಿ ಕಲಸಿಕೊಂಡರೆ ಆಯಿತು, ಬೇರೆ ಪಲ್ಯವೇ ಬೇಡ.

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಅಣ್ಣಾರ?"

"ಸಾಕ್ರಿ ಅಕ್ಕಾರ, ಭಾಳ ಆತು."

"ಎಲ್ಲಿ ಭಾಳರಿ, ತಿನ್ರಿ ಸುಮ್ನ."

ರೊಟ್ಟಿ ತಾಟಿಗೆ ಬಿದ್ದೇಬಿಟ್ಟಿತು. ಬೆಂಗಳೂರಿನಲ್ಲಿ 'ಉತ್ತರ ಕರ್ನಾಟಕ ಊಟ' ಅಂತ ಬೋರ್ಡು ಹಾಕಿದ ಕಡೆಯೆಲ್ಲ ತಿಂದು ನೋಡಿದ್ದೇನೆ. ರೊಟ್ಟಿ ಸಿಗುತ್ತದೆ, ಈ ಜಬರ್ದಸ್ತಿ ಸಿಗುವುದಿಲ್ಲ.

ಸಂಜೆ 'ಮೃತ್ಯುಂಜಯ'ಕ್ಕೆ ಹೋದೆ. ಅದು ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ, ಈಗ ಸ್ಮಾರಕ. ಧಾರವಾಡದ ಹತ್ತಿರದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದವರು. ಕಲಿತದ್ದು ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರ ಹತ್ತಿರ. ಯಾರೂ ಮುಟ್ಟದ ಅಪರೂಪದ ರಾಗಗಳನ್ನು ಸಲೀಸಾಗಿ ಹಾಡುತ್ತಿದ್ದರು, ಅದೇ ಗಂಟಲಿನಲ್ಲಿ ಬಸವಣ್ಣನ ವಚನವನ್ನೂ ಹಾಡುತ್ತಿದ್ದರು. ನನಗೆ ಅವರ ವಚನವೇ ಹೆಚ್ಚು ಇಷ್ಟ. ಘರಾಣೆಯ ಪಂಡಿತರು ಬೈದರೂ ಚಿಂತೆಯಿಲ್ಲ. ಆ ಜೈಪುರ ಘರಾಣೆಯ ತಾನ್, ಅಂದರೆ ವೇಗದ ಸ್ವರಮಾಲೆ, ಅಚ್ಚಗನ್ನಡದ ಮಾತಿನ ಮೇಲೆ ಕೂತಾಗ ಅದು ಹೊರಗಿನದು ಅಂತ ಯಾರಿಗೆ ಅನ್ನಿಸೀತು?

ನಮ್ಮ ಸೀಮೆಯ ಗುಣವೇ ಇದು ಅಂತ ನನಗೆ ಅನ್ನಿಸುತ್ತದೆ. ಬಂದವರನ್ನು ಇದು ವಾಪಸ್ ಕಳಿಸುವುದಿಲ್ಲ. ಬೀನ್‌ಕಾರ, ಅಂದರೆ ರುದ್ರವೀಣೆ ನುಡಿಸುವ, ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು ಸಿತಾರು ಹಿಡಿದು ಬಂದರು, ಧಾರವಾಡದಲ್ಲೇ ನೆಲೆಸಿದರು, ಶಾಲೆ ತೆರೆದರು. ಇವತ್ತಿಗೂ ಈ ಊರಿನಲ್ಲಿ ಸಿತಾರು ಅಂದರೆ ಅವರ ಮನೆತನದ ಹೆಸರೇ ಮೊದಲು. ಪೇಡೆಯ ಕತೆಯೂ ಹಾಗೇ. 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವದಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ್ ಮನೆತನ ಇಲ್ಲಿ ಪೇಡೆ ಮಾಡಲು ಶುರು ಮಾಡಿತು. ಖೋವಾವನ್ನು ಕಂದು ಬಣ್ಣಕ್ಕೆ ತಿರುಗುವ ತನಕ ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಅದಕ್ಕೀಗ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಬೇರೆ ಸಿಕ್ಕಿದೆ.

ಧಾರವಾಡದ ಲೈನ್ ಬಜಾರಿನ ಪೇಡೆ ಅಂಗಡಿ ಮುಂದೆ ಸಾಲು ದೊಡ್ಡದಿತ್ತು. ನಿಂತೆ. ಹಿಂದಿದ್ದ ಹಿರಿಯರು, ಮೊದಲು ಪಕ್ಕದಲ್ಲಿ ಗಿರಮಿಟ್ಟು, ಮಿರ್ಚಿ ತಿಂದು ಬಾ, ಜಾಗ ನಾನು ನೋಡ್ಕೋತೀನಿ ಅಂದರು. ಹೋದೆ. ಬರುವಷ್ಟರಲ್ಲಿ ಅವರು ನನ್ನ ಪಾಲಿನ ಅರ್ಧ ಕಿಲೋ ಪೇಡೆಯನ್ನೂ ಕಟ್ಟಿಸಿ ಇಟ್ಟಿದ್ದರು. "ರೊಕ್ಕ ಕೊಡ್ರಿ ಈಗ" ಅಂತ ಕೈಚಾಚಿದರು.