ಗಂಡು ರೆಂಬೆಯಿಲ್ಲದ ಹಾಳೆ

ಎಲಿಯಾಗ್ನೇಸಿ ಎಂಬ ಸಸ್ಯಕುಟುಂಬದಲ್ಲಿರುವುದು ಎಲಿಯಾಗ್ನಸ್, ಹಿಪ್ಪೊಫೆ ಮತ್ತು ಶೆಫರ್ಡಿಯಾ ಎಂಬ ಮೂರೇ ಕುಲಗಳು. ಆದರೂ ಒಣನಾಡಿನಲ್ಲಿ ಇವುಗಳನ್ನು ದೂರದಿಂದಲೇ ಗುರುತಿಸಲು ಹೋಗಿ ನಾನು ಹಲವು ಸಲ ಮೋಸಹೋಗಿದ್ದೇನೆ. ಎಲೆಗಳ ಬೆಳ್ಳಿಹೊಳಪಿಗೆ ಕಾರಣ ಅವುಗಳನ್ನು ಮುಚ್ಚಿಕೊಂಡಿರುವ ಸೂಕ್ಷ್ಮ ಹುರುಪೆಗಳು. ಭೂತಗನ್ನಡಿಯಲ್ಲಿ ನೋಡಿದರೆ ಕೆಲವು ನಕ್ಷತ್ರದಂತೆಯೂ ಕೆಲವು ಪುಟ್ಟ ಕೊಡೆಯಂತೆಯೂ ಕಾಣುತ್ತವೆ. ಉತ್ತರ ಅಮೆರಿಕದ ಪಶ್ಚಿಮ ಭಾಗದ ನದಿದಂಡೆಗಳಲ್ಲಿ, ಏಷ್ಯಾದ ಕಡೆಯಿಂದ ಬಂದು ಹಬ್ಬಿರುವ ಎಲಿಯಾಗ್ನಸ್ ಆಂಗಸ್ಟಿಫೋಲಿಯಾವೂ ಅಲ್ಲಿಯದೇ ಆದ ಶೆಫರ್ಡಿಯಾ ಆರ್ಜೆಂಟಿಯಾವೂ ಒಟ್ಟಿಗೇ ಬೆಳೆದಿದ್ದರೆ, ಬಣ್ಣವನ್ನು ನಂಬಿ ಪ್ರಯೋಜನವಿಲ್ಲ. ಎಲೆಗಳು ಜೋಡಿಯಾಗಿ ಎದುರುಬದುರು ಇದ್ದರೆ ಶೆಫರ್ಡಿಯಾ. ಒಂದರ ನಂತರ ಒಂದರಂತೆ ಇದ್ದರೆ ಎಲಿಯಾಗ್ನಸ್.

ನಾನು ಮಾಡಿದ ದೊಡ್ಡ ತಪ್ಪು ಬೇರೆಯದು. ಯೂಟಾ ಮತ್ತು ಆರಿಜೋನಾದ ಕೊಲೊರಾಡೊ ಪ್ರಸ್ಥಭೂಮಿಯಲ್ಲಷ್ಟೇ ಸಹಜವಾಗಿ ಬೆಳೆಯುವ, ದುಂಡೆಲೆಯ ನಿತ್ಯಹಸಿರು ಶೆಫರ್ಡಿಯಾ ರೊಟುಂಡಿಫೋಲಿಯಾದ ಕಾಯಿಬಿಟ್ಟ ರೆಂಬೆಗಳನ್ನು ಸಸ್ಯಸಂಗ್ರಹದ ಹಾಳೆಗೆಂದು ಬಹಳ ಜತನದಿಂದ ಒತ್ತಿ ಒಣಗಿಸಿದೆ. ಈ ಕುಲದಲ್ಲಿ ಗಂಡು, ಹೆಣ್ಣು ಹೂಗಳು ಬೇರೆ ಬೇರೆ ಗಿಡಗಳಲ್ಲಿ ಅರಳುತ್ತವೆ ಎಂಬುದು ಗೊತ್ತಿದ್ದೂ, ಗಂಡು ಗಿಡದ ಒಂದು ಚೂರನ್ನೂ ತಂದಿರಲಿಲ್ಲ! ದಳಗಳೇ ಇಲ್ಲದ ಆ ಸಣ್ಣ ಗಂಡು ಹೂವಿನಲ್ಲಿ ನಾಲ್ಕು ಪುಷ್ಪಪತ್ರಗಳೂ 8 ಕೇಸರಗಳೂ ಇರುತ್ತವೆ. ಅವನ್ನು ನೋಡಬೇಕೆಂದರೆ ವಸಂತದಲ್ಲಿ ಇನ್ನೊಮ್ಮೆ ಅದೇ ಜಾಗಕ್ಕೆ ಹೋಗಬೇಕು. ಅಂದಿನಿಂದ ಪ್ರತಿ ಗಿಡದ ಸ್ಥಾನವನ್ನು ಜಿಪಿಎಸ್‌ನಲ್ಲಿ ಗುರುತಿಸಿ, ಗಂಡು ಹೆಣ್ಣುಗಳಿಗೆ ಪ್ರತ್ಯೇಕ ಸಂಗ್ರಹಸಂಖ್ಯೆ ಕೊಡುತ್ತಿದ್ದೇನೆ.

ಒತ್ತುವ ಮೊದಲು ಎಲೆಯ ಧೂಳನ್ನು ಬಟ್ಟೆಯಿಂದ ಒರೆಸಬಾರದು, ಏಕೆಂದರೆ ಧೂಳಿನೊಂದಿಗೆ ಹುರುಪೆಗಳೂ ಉದುರುತ್ತವೆ. ರಸಭರಿತ ಹಣ್ಣುಗಳು ಕಾಗದಕ್ಕೆ ಅಂಟಿಕೊಂಡು ಕೊಳೆಯುವುದರಿಂದ, ಕೆಲವನ್ನು ಸೀಳಿ ಬೇರೆ ಲಕೋಟೆಯಲ್ಲಿ ಒಣಗಿಸುವುದೇ ಮೇಲು. ಅವುಗಳ ತಾಜಾ ಬಣ್ಣವನ್ನು ಅಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಒಣಗಿದ ಮೇಲೆ ಆ ಮಾಹಿತಿ ಹಾಳೆಯಲ್ಲಿ ಉಳಿದಿರುವುದಿಲ್ಲ. ಶೆಫರ್ಡಿಯಾ ಆರ್ಜೆಂಟಿಯಾದ ಮುಳ್ಳುಗಳು ಸುದ್ದಿಪತ್ರಿಕೆಯನ್ನು ತೂತುಮಾಡಿ ಪಕ್ಕದ ಮಾದರಿಯನ್ನೂ ಕೆಡಿಸಬಲ್ಲವಾದ್ದರಿಂದ ನಡುವೆ ದಪ್ಪ ರಟ್ಟು ಇಡುತ್ತೇನೆ.

ಈ ಗಿಡಗಳ ಬೇರುಗಂಟುಗಳಲ್ಲಿ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಆ ಗಂಟುಗಳನ್ನೂ ತರುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಬಂಡೆಯ ಬಿರುಕಿನಲ್ಲಿ ಬೇರೂರಿದ ಪೊದೆಯ ಬುಡವನ್ನು ಅಗೆಯಲು, ಕೈಯಲ್ಲಿ ಲಿಖಿತ ಅನುಮತಿ ಇದ್ದಾಗಲೂ, ನಾನು ಹೋಗಿಲ್ಲ.